ತಾಳೆಯಾಗದ ರೀಡಿಂಗ್

೨೦೨೫ನೆಯ ಇಸವಿ, ಮಾರ್ಚ್ ತಿಂಗಳ ಹನ್ನೊಂದನೆಯ ತಾರೀಕು, ಮಂಗಳವಾರ, ಬೆಳಗಿನ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಆತ ಆಸ್ಪತ್ರೆಯ ನೋಂದಣಿ ಕೌಂಟರಿನ ಸಾಲಿನಲ್ಲಿ ನಾಲ್ಕನೆಯವನಾಗಿ ನಿಂತಿದ್ದ. ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ಮನೆ ಬಿಟ್ಟಾಗಿನಿಂದ ಅದನ್ನು ಬಾಯೊಳಗೇ ಹೊರಳಿಸುತ್ತ ಬಂದಿದ್ದ. ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದರೆ ಪಠ್ಯಪುಸ್ತಕದ ಮಾತಾಯಿತು. ಉಚ್ಚೆ ಎಂದರೆ ಬೀದಿಯ ಮಾತು, ಗಾಜಿನ ಹಿಂದೆ ಕೂತ ಹುಡುಗಿಯ ಮುಖಕ್ಕೆ ಅದನ್ನು ಎಸೆಯಲಾಗದು. ಒಂದಕ್ಕೆ ಹೋದಾಗ ಎಂದರೆ ಐವತ್ತೊಂದು ವರ್ಷದ ಗಂಡಸು ಒಂದನೇ ಕ್ಲಾಸಿನ ಮಗುವಿನ ಹಾಗೆ ಕಿರುಬೆರಳೆತ್ತಿ ನಿಂತಂತೆ. ಯೂರಿನ್ ಎನ್ನುವುದೇ ವಾಸಿ, ಗ್ಲೌಸ್ ಹಾಕಿಕೊಂಡು ಹಿಡಿದ ಹಾಗಿರುತ್ತದೆ. ಯೂರಿನ್‌ನಲ್ಲಿ ಸ್ವಲ್ಪ ಬ್ಲಡ್. ಸ್ವಲ್ಪ ಎನ್ನುವುದು ಬೇಕೇ? ಬೇಕು; ಆ ಊರುಗೋಲಿಲ್ಲದೆ ವಾಕ್ಯ ಎದ್ದು ನಿಲ್ಲುವುದಿಲ್ಲ. ಮುಂದೆ ಮೂವರಿದ್ದರು. ಮೊದಲನೆಯವಳು ತನ್ನ ಮಗುವಿಗೆ ಭೇದಿ ಎಂದು ಇಡೀ ಹಜಾರಕ್ಕೆ ಕೇಳುವಂತೆ ಹೇಳಿದಳು, ಯಾರೂ ತಿರುಗಿ ನೋಡಲಿಲ್ಲ. ಹೆಂಗಸರಿಗೆ ಇದು ಎಷ್ಟು ಸಲೀಸು ಎಂದುಕೊಂಡ. ದೇಹವನ್ನು ಅವರು ಅಂಗಡಿಗೆ ಚೀಲ ತಂದ ಹಾಗೆ ತರುತ್ತಾರೆ, ಕೌಂಟರಿನ ಮೇಲೆ ಸುರಿದು ಇದು ಇದು ಎಂದು ತೋರಿಸುತ್ತಾರೆ. ಅವನು ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಮತ್ತೊಂದು ಗುಟುಕು ಕುಡಿದ. ಬೆಳಗ್ಗೆ ಎದ್ದಾಗಿನಿಂದ ಕುಡಿಯುತ್ತಲೇ ಇದ್ದ. ನಿನ್ನೆ ಸಂಜೆ ಕಂಡ ಬಣ್ಣ ಹಿಂದೆಂದೂ ಕಾಣದಷ್ಟು ಗಾಢವಾಗಿತ್ತು. ನೀರು ಹೆಚ್ಚಾದರೆ ಬಣ್ಣ ತೆಳುವಾಗುತ್ತದೆ, ಬಣ್ಣ ತೆಳುವಾದರೆ ಹೇಳುವುದೂ ಹಗುರ. ಊರಿನ ನೀರು ಶುದ್ಧೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಕೆಮಿಸ್ಟ್ ಆಗಿರುವವನು ಅವನು. ಅಲ್ಲಿ ಯಾರಾದರೂ ಸ್ಯಾಂಪಲಿಗೆ ಹೀಗೆ ನೀರು ಬೆರೆಸಿದ್ದರೆ ಬಾಗಿಲು ತೋರಿಸುತ್ತಿದ್ದ.

ಅವನ ಸರದಿ ಬಂತು. ಗಾಜಿನಲ್ಲಿ ಕೊರೆದ ತೂತು ಚಿಕ್ಕದು, ಅದೂ ಎದೆಯ ಮಟ್ಟಕ್ಕೆ. ಬಗ್ಗಿ ಹೇಳಿದರೆ ಹುಡುಗಿಗೆ ಕೇಳುವುದಿಲ್ಲ, ನೆಟ್ಟಗೆ ನಿಂತು ಹೇಳಿದರೆ ಹಿಂದಿನವರಿಗೆಲ್ಲ ಕೇಳುತ್ತದೆ. ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಏನ್ ತೊಂದರೆ?" ಎಂದಳು. ಅವನು ಬಾಯಿ ತೆರೆದ. ಆಗಲೇ ಹಿಂದಿನಿಂದ, "ಅರೆ, ನೀವಾ?" ಎಂಬ ದನಿ. ಮೇಲಿನ ಮನೆಯಾಕೆ. ಕೆನ್ನೆಗೆ ಕರವಸ್ತ್ರ ಒತ್ತಿ ಹಿಡಿದು ನಿಂತಿದ್ದಳು. "ಹಲ್ಲು ನೋಡಿ, ರಾತ್ರಿಯೆಲ್ಲಾ ನಿದ್ದೆ ಇಲ್ಲ. ನಿಮಗೇನಾಯ್ತು? ನಿಮ್ಮನೆಯವರು ನಿನ್ನೆ ತಾನೇ ಸಿಕ್ಕಿದ್ರು, ಏನೂ ಹೇಳಲಿಲ್ಲ."

"ಏನ್ ತೊಂದರೆ ಸಾರ್, ಬೇಗ ಹೇಳಿ," ಎಂದಳು ಹುಡುಗಿ.

"ಮಂಡಿ ನೋವು," ಎಂದ.

ಎಲ್ಲಿಂದ ಬಂತೋ ಆ ಮಂಡಿ. ಹುಡುಕಿ ಹೇಳಿದ್ದಲ್ಲ, ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದ ಹಾಗೆ ನಾಲಿಗೆಗೆ ಸಿಕ್ಕಿತು. ಹುಡುಗಿ ಟಪಟಪನೆ ಬಡಿದು ಚೀಟಿ ಹರಿದುಕೊಟ್ಟಳು. ಮೂಳೆ ವಿಭಾಗ, ಎರಡನೇ ಮಹಡಿ. ಮೇಲಿನ ಮನೆಯಾಕೆ ಆ ಹಲ್ಲುನೋವಿನ ಬಾಯಿಂದಲೇ ಮಂಡಿಗೆ ಬಿಸಿನೀರಿನ ಚೀಲ, ಮೆಟ್ಟಿಲು ಹತ್ತಬೇಡಿ, ತೂಕ ಇಳಿಸಿ ಎಂದು ಮೂರು ಬಗೆಯ ಸಲಹೆ ಕೊಟ್ಟಳು. ಆಕೆ ಕಣ್ಮರೆಯಾದ ಮೇಲೆ ವಾಪಸು ಬಂದು ಚೀಟಿ ಬದಲಾಯಿಸಿಕೊಳ್ಳಬಹುದಾಗಿತ್ತು. ಆದರೆ ಹುಡುಗಿ, "ಮಂಡಿ ಅಂದ್ರಲ್ಲ?" ಎಂದು ಕೇಳುತ್ತಾಳೆ, ಆಗ ಏನು ಹೇಳುವುದು? ಸ್ವಲ್ಪ ಮೇಲೆ ಎನ್ನುವುದೇ? ಆ ಯೋಚನೆಗೆ ಅವನಿಗೇ ನಗು ಬಂತು. ನಗು ಬಂದದ್ದರಿಂದ ಒಂದು ಕ್ಷಣ ತನಗೆ ಏನೂ ಆಗಿಲ್ಲವೆನಿಸಿತು. ಹಾಗೆನಿಸಿದ ಸುಖದಲ್ಲೇ ಲಿಫ್ಟಿನ ಒಳಗೆ ಹೋದ.

ಮೂಳೆ ವಿಭಾಗದ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವನು ನಿವೃತ್ತ ಬಸ್ ಡ್ರೈವರ್. ಕೇಳದೆಯೇ ಹೇಳಿಕೊಂಡ. "ಮೂವತ್ತೆಂಟು ವರ್ಷ ಕ್ಲಚ್ ತುಳಿದ ಕಾಲು ಸಾರ್ ಇದು. ಎಡಗಾಲು. ಈಗ ಎದ್ದೇಳು ಅಂದ್ರೆ ಕೂತ್ಕೊಳತ್ತೆ, ಕೂತ್ಕೊ ಅಂದ್ರೆ ನಿಂತ್ಕೊಳತ್ತೆ, ಥೇಟ್ ನಮ್ಮ ಸೊಸೆ. ನಿಮ್ದು ಎಡವೋ ಬಲವೋ?"

ಅವನು ಅದನ್ನು ಯೋಚಿಸಿರಲಿಲ್ಲ. "ಬಲ."

"ಹಾಗಾದ್ರೆ ಬ್ರೇಕು. ಹುಷಾರಾಗಿರಿ. ಕ್ಲಚ್ ಹೋದ್ರೆ ಗಾಡಿ ನಿಲ್ಲತ್ತೆ. ಬ್ರೇಕ್ ಹೋದ್ರೆ ನಿಲ್ಲಲ್ಲ."

ಎದುರು ಗೋಡೆಗೆ ಪ್ಲಾಸ್ಟಿಕ್ಕಿನ ಅಸ್ಥಿಪಂಜರವೊಂದನ್ನು ನೇತುಹಾಕಿದ್ದರು. ಅದಕ್ಕೆ ಪಕ್ಕೆಲುಬುಗಳಿದ್ದವು, ಸೊಂಟದ ಮೂಳೆಯ ಬಟ್ಟಲಿತ್ತು, ಬಟ್ಟಲಿನೊಳಗೆ ಏನೂ ಇರಲಿಲ್ಲ. ಅಲ್ಲಿ, ಆ ಖಾಲಿಯಲ್ಲಿ, ಎಂದುಕೊಂಡ. ಮೊದಲ ಸಲ ಕಂಡದ್ದು ಹೋದ ವರ್ಷ ಜನವರಿಯಲ್ಲಿ, ಒಂದು ಭಾನುವಾರ. ನೋವಿಲ್ಲ, ಉರಿಯಿಲ್ಲ, ಬಿಳಿಯ ಪಿಂಗಾಣಿಯ ಮೇಲೆ ತೆಳು ಗುಲಾಬಿ. ಹಿಂದಿನ ದಿನ ಬೀಟ್‌ರೂಟ್ ತಿಂದಿದ್ದ. ಅದರ ಬಣ್ಣ ಕೆಲವರ ದೇಹದಲ್ಲಿ ಕರಗದೆ ಹಾಗೇ ಹೊರಬರುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದೇ ದಾರಿ ತಪ್ಪಿಸಿತು. ಮಾರನೆಯ ದಿನ ತಿಳಿಯಾಗಿತ್ತು. ಮಾರ್ಚಿನಲ್ಲಿ ಎರಡು ದಿನ ಮತ್ತೆ ಕಂಡಿತು, ಬೀಟ್‌ರೂಟ್ ಇರಲಿಲ್ಲ, ಮೂರನೆಯ ದಿನ ತಿಳಿ. ಕಾಲೇಜಿನಲ್ಲಿ, ಬಣ್ಣ ತಿರುಗುವ ತನಕ ಹನಿ ಹನಿಯಾಗಿ ಬಿಡುವ ಟೈಟ್ರೇಷನ್ ಕಲಿಸುತ್ತಿದ್ದ ಮೇಷ್ಟ್ರು ಬ್ಯೂರೆಟ್ಟಿನ ಮುಂದೆ ಬಗ್ಗಿ, ಒಂದು ರೀಡಿಂಗ್ ಅಂದ್ರೆ ಗಾಳಿಮಾತು ಕಣ್ರಯ್ಯ, ಎರಡು ಅಂದ್ರೆ ಅನುಮಾನ, ಮೂರು ತಾಳೆಯಾದ್ರೆ ಮಾತ್ರ ನಿಜ, ಎನ್ನುತ್ತಿದ್ದರು. ಒಂಟಿಯಾಗಿ ದೂರ ನಿಂತ ರೀಡಿಂಗನ್ನು ಹೊಡೆದುಹಾಕಬೇಕು. ಅದು ಕೈನಡುಕ, ಇಲ್ಲವೇ ಗಾಜಿನ ಕೊಳೆ. ಇಪ್ಪತ್ತಾರು ವರ್ಷ ಆ ಮಾತಿನ ಮೇಲೆಯೇ ಊರಿಗೆ ನೀರು ಬಿಟ್ಟಿದ್ದ, ಒಂದು ಸಲವೂ ತಪ್ಪಾಗಿರಲಿಲ್ಲ. ತನ್ನ ದೇಹದ ರೀಡಿಂಗ್ ಮಾತ್ರ ಎಂದೂ ತಾಳೆಯಾಗಲಿಲ್ಲ. ಎರಡು ದಿನ ಕೆಂಪು, ಮೂರು ವಾರ ತಿಳಿ. ಒಂದು ದಿನ ಕೆಂಪು, ಎರಡು ತಿಂಗಳು ತಿಳಿ. ಪ್ರತಿ ಸಲವೂ ತಿಳಿಯಾದಾಗ ಕೆಂಪನ್ನು ಹೊಡೆದುಹಾಕಿದ. ಎಲ್ಲಿಯೂ ಬರೆದಿಡಲಿಲ್ಲ, ಬರೆದರೆ ಅದು ರೀಡಿಂಗ್ ಆಗಿಬಿಡುತ್ತದೆ. ಬಿಟ್ಟು ಬಿಟ್ಟು ಬರುವುದೇ ಈ ರಕ್ತದ ಲಕ್ಷಣ, ಬಿಡುವೇ ಅದರ ಮೋಸ ಎಂದು ಆಮೇಲೆ ಓದಿದ. ಅಷ್ಟು ಹೊತ್ತಿಗೆ ಬೇಸಿಗೆ ಕಳೆದಿತ್ತು, ಓದಿದ್ದು ಇನ್ನೊಬ್ಬರ ವಿಷಯವೆಂಬಂತೆ ಪುಟ ಮುಚ್ಚಿದ್ದ.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಪ್ರಯೋಗಾಲಯದಲ್ಲಿ, ನೀರಿನ ಬಣ್ಣ ನೋಡುವ ಉದ್ದನೆಯ ಗಾಜಿನ ನಳಿಗೆಯಲ್ಲಿ ಅದನ್ನು ಹಿಡಿದು ಬಿಳಿ ಟೈಲಿನ ಮೇಲೆ ನಿಲ್ಲಿಸಿ ಮೇಲಿನಿಂದ ನೋಡುತ್ತಿದ್ದ. ಚೆಲುವಾಗಿತ್ತು. ಅದೇ ಅವನನ್ನು ಕಂಗೆಡಿಸಿದ್ದು. ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಉಳಿದ ಬಣ್ಣದ ಹಾಗಿತ್ತು. ಪಂಪ್ ಆಪರೇಟರ್, ಎಲ್ಲರೂ ಮೀಸೆ ಎಂದು ಕರೆಯುವವನು, ಕೀ ಕೊಡಲು ಒಳಗೆ ಬಂದ. "ಏನ್ ಸಾರ್, ಇಂಡಿಕೇಟರ್ ಹಾಕಿದೀರಾ? ಪಿಂಕ್ ಬಂದಿದೆ." ಹೂಂ ಎಂದ. "ಪಿಂಕ್ ಬಂದ್ರೆ ಏನರ್ಥ?" ಎಂದು ಮೀಸೆ ಸುಮ್ಮನೆ ಕೇಳಿದ. "ಮುಗೀತು ಅಂತ ಅರ್ಥ. ಅಲ್ಲಿಗೆ ನಿಲ್ಲಿಸಬೇಕು," ಎಂದ, ಟೈಟ್ರೇಷನ್ನಿನ ಲೆಕ್ಕದಲ್ಲಿ. ಮೀಸೆ ಹೋದ ಮೇಲೆ ನಳಿಗೆಯನ್ನು ಮೂರು ಸಲ ತೊಳೆದ, ಆಮೇಲೆ ಕೈಯನ್ನು, ಆಮೇಲೆ ತೊಟ್ಟಿಯನ್ನು. ಮೀಸೆಗೆ ಹೇಳಿದ್ದರೆ ಏನಾಗುತ್ತಿತ್ತು? "ಉಷ್ಣ ಸಾರ್, ಎಳನೀರು ಕುಡೀರಿ," ಎನ್ನುತ್ತಿದ್ದ. ಇಲ್ಲವೇ, "ಆಸ್ಪತ್ರೆಗೆ ಒಂದು ಕಾಯಿಲೆ ಹೊತ್ಕೊಂಡು ಹೋದೋನು ನಾಲ್ಕು ಹೊತ್ಕೊಂಡು ಬರ್ತಾನೆ." ಗಂಡಸರು ಗಂಡಸರಿಗೆ ಹೇಳುವುದು ಇಷ್ಟೇ. ಬಡಗಿಯಾಗಿದ್ದ ಅಪ್ಪ ಹುಳುಕು ಹಲ್ಲನ್ನು ಇಕ್ಕಳದಲ್ಲಿ ತಾನೇ ಕಿತ್ತು, ರಕ್ತ ಉಗುಳಿ, ಅದರ ಮೇಲೆ ಕಾಲಲ್ಲಿ ಮರದ ಹೊಟ್ಟು ಎಳೆದು, ಮತ್ತೆ ಮರ ಹೆರೆಯುವ ಹತ್ತರಿ ಹಿಡಿದಿದ್ದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮನ ಮುಖದಲ್ಲಿ ಹೆಮ್ಮೆಯಿತ್ತು. ಆ ಹೆಮ್ಮೆ ತನ್ನ ಮೇಲೂ ಒಮ್ಮೆ ಬೀಳಲಿ ಎಂದು ಆಸೆಪಟ್ಟವನ ಹಾಗೆ ಅವನು ಬೆಳೆದಿದ್ದ. ನಿಜ ಹೇಳಬೇಕೆಂದರೆ ಅಪ್ಪನ ಧೈರ್ಯದಲ್ಲಿ ಕಾಲುಭಾಗವೂ ಅವನಲ್ಲಿರಲಿಲ್ಲ. ಇದ್ದದ್ದು ನಾಚಿಕೆ, ಹೊರಗಿನಿಂದ ನೋಡಿದವರಿಗೆ ಅದು ಧೈರ್ಯದ ಹಾಗೆಯೇ ಕಾಣುತ್ತದೆ. ವೈದ್ಯನೊಬ್ಬ ಅವನನ್ನು ಅಲ್ಲಿ ಮುಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ, ಕೆಲಸಕ್ಕೆ ಸೇರುವ ಮುನ್ನ. ಚಡ್ಡಿ ಇಳಿಸಿ ಸಾಲಾಗಿ ನಿಂತ ಹುಡುಗರ ಮುಂದೆ ಆತ ಬಂದು, ಹಿಡಿದು, ಕೆಮ್ಮು ಎಂದಿದ್ದ. ಹಿಡಿದುಕೊಂಡೇ ಕಿಟಕಿಯಾಚೆ ನೋಡುತ್ತ ಗುಮಾಸ್ತನ ಜೊತೆ ಸಿಮೆಂಟಿನ ವಿಷಯ ಮಾತಾಡುತ್ತಿದ್ದ. ಇವನು ಕೆಮ್ಮಿದ. ಇನ್ನೊಮ್ಮೆ ಎಂದಿದ್ದಕ್ಕೆ ಇನ್ನೊಮ್ಮೆ ಕೆಮ್ಮಿದ. ಫಿಟ್ ಎಂದು ಬರೆದರು. ಪ್ರಯೋಗಾಲಯದ ತಕ್ಕಡಿಗೂ ವರ್ಷಕ್ಕೊಮ್ಮೆ ಪ್ರಮಾಣಪತ್ರ ಹೊಸದಾಗಬೇಕು. ಇವನು ಆ ಒಂದು ಪದದ ಮೇಲೆ ಇಪ್ಪತ್ತಾರು ವರ್ಷ ಓಡಿದ್ದ.

"ನಿಮ್ಮನ್ನೇ ಕರೀತಿರೋದು," ಎಂದು ಡ್ರೈವರ್ ಮೊಣಕೈಯಿಂದ ತಿವಿದ.

ಮೂಳೆ ಡಾಕ್ಟರು ಸಾವಧಾನದ ಮನುಷ್ಯ. ಪ್ಯಾಂಟನ್ನು ಮಂಡಿಯ ಮೇಲಕ್ಕೆ ಮಡಚಿಸಿ, ಕಾಲನ್ನು ಮಡಿಸಿ ಬಿಡಿಸಿ, ಚಿಪ್ಪಿನ ಸುತ್ತ ಹೆಬ್ಬೆರಳು ಒತ್ತುತ್ತ ಇಲ್ಲಿ ನೋವಾ, ಇಲ್ಲಿ ನೋವಾ ಎಂದು ಕೇಳಿದರು. ಎರಡು ಕಡೆ ಹೌದೆಂದ, ಒಂದು ಕಡೆ ಇಲ್ಲವೆಂದ. ಸುಳ್ಳಿಗೂ ಒಂದು ಕ್ರಮ ಬೇಕಲ್ಲ. ಆ ಬೆಚ್ಚನೆಯ ಬೆರಳುಗಳು ಏನೂ ಆಗದ ಮಂಡಿಯ ಮೇಲೆ ಅಷ್ಟು ಶ್ರದ್ಧೆಯಿಂದ ಓಡಾಡುವುದನ್ನು ನೋಡಲಾಗದೆ ಅವನು ಮುಖ ಪಕ್ಕಕ್ಕೆ ತಿರುಗಿಸಿದ. "ಮಂಡಿ ಗಟ್ಟಿ ಇದೆ," ಎಂದರು ಡಾಕ್ಟರು. "ನಿಮ್ಮ ವಯಸ್ಸಿಗೆ ಇಷ್ಟು ಗಟ್ಟಿ ಮಂಡಿ ನಾನು ನೋಡಿಲ್ಲ." ಅವನು ಮಡಚಿದ್ದ ಪ್ಯಾಂಟನ್ನು ಕೆಳಗಿಳಿಸಿಕೊಂಡ. ಡಾಕ್ಟರು ಪೆನ್ನು ಮುಚ್ಚಿ, ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿ, "ಬೇರೆ ಏನಾದ್ರೂ ಇದೆಯಾ?" ಎಂದರು.

ಕೋಣೆಯಲ್ಲಿ ಅವರಿಬ್ಬರೇ. ಬಾಗಿಲು ಮುಚ್ಚಿತ್ತು. ಫ್ಯಾನು ತಿರುಗುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಹೀಗೆ ಇಷ್ಟು ಮೆತ್ತಗೆ ಯಾರೂ ಕೇಳಿರಲಿಲ್ಲ. ವಾಕ್ಯ ನಾಲಿಗೆಯ ತುದಿಗೆ ಬಂತು, ಯೂರಿನ್, ಸ್ವಲ್ಪ, ಬ್ಲಡ್, ಮೂರೂ ಸಾಲಾಗಿ ನಿಂತವು. ಆದರೆ ಈಗ ಹೇಳಿದರೆ ಮಂಡಿಯ ಸುಳ್ಳನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಆ ಹಿರಿಯರ ಬೆರಳುಗಳ ಶ್ರದ್ಧೆಯನ್ನು ಅವಮಾನಿಸಿದಂತಾಗುತ್ತದೆ. ಸಾಯುವ ಕಾಯಿಲೆಗಿಂತ ಒಂದು ಸಣ್ಣ ಸುಳ್ಳು ಹೊರಗೆ ಬೀಳುವುದು ಅವನಿಗೆ ದೊಡ್ಡದಾಗಿ ಕಂಡಿತು. ಹಾಗೆ ಕಂಡದ್ದು ಆ ಕ್ಷಣದಲ್ಲೇ ಅವನಿಗೆ ಗೊತ್ತೂ ಆಯಿತು, ಗೊತ್ತಾದರೂ ಪ್ರಯೋಜನವಾಗಲಿಲ್ಲ.

"ಇಲ್ಲ ಡಾಕ್ಟ್ರೇ," ಎಂದ.

ಹೊರಗೆ ಬಂದಾಗ ಕೆಳಹೊಟ್ಟೆ ಬಿಗಿಯಾಗಿತ್ತು. ಅಷ್ಟೊಂದು ನೀರು. ಶೌಚಾಲಯದ ಬಾಗಿಲು ತಳ್ಳುವಾಗ ಒಂದು ಕರಾರು ಮಾಡಿಕೊಂಡ: ಕೆಂಪು ಬಂದರೆ ನೇರ ಕೆಳಗೆ ಹೋಗಿ ಹುಡುಗಿಗೆ ಹೇಳುತ್ತೇನೆ, ಯಾರು ಹಿಂದೆ ನಿಂತಿದ್ದರೂ ಸರಿ. ತಿಳಿಯಾಗಿ ಬಂದರೆ ಮನೆಗೆ. ಇಂಥ ಕರಾರುಗಳನ್ನು ಅವನು ಹಿಂದೆಯೂ ಮಾಡಿಕೊಂಡಿದ್ದ, ಆದರೆ ಇದರಲ್ಲಿ ನ್ಯಾಯವಿದೆ ಎನಿಸಿತು. ಕಣ್ಣು ಮುಚ್ಚಿ ನಿಂತ. ಏನೂ ಬರಲಿಲ್ಲ. ಕೆಂಪೂ ಇಲ್ಲ, ತಿಳಿಯೂ ಇಲ್ಲ. ಪಕ್ಕದ ತೊಟ್ಟಿಗೆ ಒಬ್ಬ ಬಂದು, ಧಾರಾಳವಾಗಿ ಹೊಯ್ದು, ಕೈ ತೊಳೆಯದೆ ಹೋದ. ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿಕೊಂಡ, ಮಕ್ಕಳಿಗೆ ಮಾಡುವ ಹಾಗೆ ಬಾಯಲ್ಲೇ ಸುಸ್ ಎಂದ. ಒಳಗೆ ಏನೋ ಬಾಗಿಲಿಗೆ ಅಡ್ಡ ಬಂದು ಕೂತಂತೆ, ತಿಣುಕಿದಷ್ಟೂ ಅದು ಇನ್ನಷ್ಟು ಬಿಗಿಯಾಗಿ ಕೂರುವಂತೆ ಇತ್ತು. ಒಂದು ಹನಿ ಬಿತ್ತು, ಕಪ್ಪಗೆ, ಜೆಲ್ಲಿಯ ಹಾಗೆ. ರಕ್ತ ಹೆಪ್ಪುಗಟ್ಟಿದೆ ಎಂದು ಅವನೊಳಗಿನ ಕೆಮಿಸ್ಟ್ ತಣ್ಣಗೆ ಹೇಳಿದ. ಹೆಪ್ಪಿನ ಹಿಂದೆ ಬೆಳಗಿನಿಂದ ಕುಡಿದ ನೀರೆಲ್ಲ ನಿಂತಿದೆ, ಮೂತ್ರಪಿಂಡಗಳು ತಮ್ಮ ಪಾಡಿಗೆ ಇನ್ನೂ ಇಳಿಸುತ್ತಲೇ ಇವೆ. ಅಣೆಕಟ್ಟಿನ ಕೆಳಗಿನ ಗೇಟು ಹೂಳಿನಿಂದ ಕಟ್ಟಿಕೊಂಡರೆ ಏನಾಗುತ್ತದೆಂದು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆದ. ಬೆನ್ನು ನೆಟ್ಟಗಾಗಲಿಲ್ಲ. ಬೆಂಚಿನಲ್ಲಿದ್ದ ಡ್ರೈವರ್ ಕಣ್ಣು ಕಿರಿದು ಮಾಡಿ ನೋಡಿದ. "ಏನ್ ಸಾರ್, ಬಲಗಾಲು ಅಂದ್ರಿ, ಎಡಗಾಲು ಎಳೀತಾ ಇದೀರಿ." ನಗಿಸಬೇಕೆಂದೇ ಹೇಳಿದ್ದು. ಆಮೇಲೆ ಇವನ ಹಣೆಯ ಬೆವರು ಕಂಡು ನಗು ನುಂಗಿದ. ಇವನು ಬೆಂಚಿನ ಅಂಚು ಹಿಡಿದು ಅವನ ಕಿವಿಯ ಹತ್ತಿರ ಬಗ್ಗಿದ. ಇಷ್ಟು ದಿನ ಪಾಲಿಶ್ ಮಾಡಿಟ್ಟಿದ್ದ ಪದಗಳಲ್ಲಿ ಒಂದೂ ಒದಗಲಿಲ್ಲ.

"ಒಂದಕ್ಕೆ ಆಗ್ತಾ ಇಲ್ಲ," ಎಂದ.

ಡ್ರೈವರ್ ಒಂದು ಮಾತೂ ಕೇಳಲಿಲ್ಲ. ಎದ್ದು ನಿಂತು, ಮೂವತ್ತೆಂಟು ವರ್ಷ ಬಸ್ಸಿನ ಹಿಂದಿನ ಸೀಟಿಗೆ ಮುಟ್ಟಿಸಿದ ದನಿಯಲ್ಲಿ, "ಯಾರಪ್ಪಾ ಅಲ್ಲಿ, ಒಂದು ಗಾಲಿಕುರ್ಚಿ ತನ್ನಿ. ಇವರಿಗೆ ಒಂದಕ್ಕೆ ಹೋಗ್ತಾ ಇಲ್ಲ. ದಾರಿ ಬಿಡ್ರಿ, ಒಂದಕ್ಕೆ ಕಟ್ಟಿದೆ ಇವರಿಗೆ," ಎಂದು ಕೂಗುತ್ತ ಎಡಗಾಲೆಳೆದುಕೊಂಡು ಮುಂದೆ ಹೋದ. ಎಲ್ಲರೂ ತಿರುಗಿದರು. ಕುರ್ಚಿಯಲ್ಲಿ ಕೂತು ಲಿಫ್ಟಿನಿಂದ ಹೊರಬರುವಾಗ ಹಲ್ಲಿನ ವಿಭಾಗದ ಮುಂದೆ ಮೇಲಿನ ಮನೆಯಾಕೆ ನಿಂತಿದ್ದಳು, ಬಾಯಿತುಂಬ ಹತ್ತಿ. ಮಾತಾಡಲಾಗದೆ ಕಣ್ಣಿನಲ್ಲೇ ಏನಾಯ್ತೆಂದು ಕೇಳಿದಳು. ಅವನು ಮಂಡಿ ಹಿಡಿದುಕೊಂಡ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ನರ್ಸು ಚೀಟಿ ಓದಿ, "ಮಂಡಿ ನೋವಾ?" ಎಂದಳು, ಕಾಲಿನತ್ತ ನೋಡಿದಳು, ಅವನು ಎರಡೂ ಕೈಯಿಂದ ಒತ್ತಿ ಹಿಡಿದ ಹೊಟ್ಟೆಯತ್ತ ನೋಡಿದಳು, ಚೀಟಿಯನ್ನು ಪಕ್ಕಕ್ಕಿಟ್ಟಳು. ಪರದೆ ಎಳೆದರು. ಆ ಪರದೆ ಗೋಡೆಯ ತನಕ ಮುಟ್ಟುತ್ತಿರಲಿಲ್ಲ. ಸಂದಿಯಲ್ಲಿ ಯಾರದೋ ಚಪ್ಪಲಿ, ಯಾರದೋ ಬಕೆಟ್ಟು ಕಾಣುತ್ತಿದ್ದವು. "ಅಂಕಲ್, ಸೊಂಟ ಎತ್ತಿ. ಅಂಕಲ್, ಕಾಲು ಅಗಲ ಮಾಡಿ. ನಾಚ್ಕೊಂಡ್ರೆ ಆಗಲ್ಲ, ನಾನು ದಿನಾ ನೋಡೋದೇ ಇದು." ಒಳಗೆ ನಳಿಗೆ ಹೋಗುವಾಗ ಅವನು ಸೀಲಿಂಗಿನ ಕಲೆಯೊಂದನ್ನು ನೋಡುತ್ತಿದ್ದ, ಅದಕ್ಕೆ ಯಾವ ಆಕಾರವೂ ಇರಲಿಲ್ಲ. ಆಮೇಲೆ ಒಮ್ಮೆಗೇ ಬಿಡುಗಡೆ. ಚೀಲಕ್ಕೆ ಇಳಿಯುತ್ತಿದ್ದದ್ದು ಗುಲಾಬಿಯಾಗಿರಲಿಲ್ಲ. ಅಷ್ಟೊಂದು ನೀರು ಕುಡಿದೂ ಗುಲಾಬಿಯಾಗಿರಲಿಲ್ಲ. ಆ ಕೆಂಪನ್ನು ನೋಡುತ್ತಲೇ ದೇಹ ಸುಖಪಡುತ್ತಿತ್ತು, ನಾಚಿಕೆಯಿಲ್ಲದ ಪ್ರಾಣಿಯ ಹಾಗೆ. ಕಣ್ಣಲ್ಲಿ ನೀರೇ ಬಂತು. ಮೂತ್ರಕೋಶದ ಡಾಕ್ಟರು ಬಂದರು, ಗಡ್ಡ ಇನ್ನೂ ಸರಿಯಾಗಿ ಮೂಡದ ತರುಣ. ದೊಡ್ಡ ಸಿರಿಂಜಿನಲ್ಲಿ ನೀರು ತಳ್ಳಿ ಹೆಪ್ಪುಗಳನ್ನು ಎಳೆಯುತ್ತ, ತಲೆ ಎತ್ತದೆ, "ಎಷ್ಟು ದಿನದಿಂದ ರಕ್ತ?" ಎಂದರು.

"ಒಂದು ವಾರ ಆಗಿರಬಹುದು."

ತರುಣ ಡಾಕ್ಟರು ಟ್ರೇಯಲ್ಲಿದ್ದ ಹೆಪ್ಪುಗಳನ್ನು ನೋಡಿದರು, ಅವನನ್ನು ನೋಡಲಿಲ್ಲ. "ಮನೆಯವರನ್ನ ಕರೆಸಿ. ಸ್ಕ್ಯಾನ್ ಮಾಡಬೇಕು."

ಕರೆಸಬೇಕಾಗಿರಲಿಲ್ಲ, ಮೇಲಿನ ಮನೆಯಾಕೆ ಆಗಲೇ ಫೋನ್ ಮಾಡಿದ್ದಳು. ಹೆಂಡತಿ ಬರುವ ತನಕ ಅವನು ಪರದೆಯ ಒಳಗೆ ಒಬ್ಬನೇ ಮಲಗಿದ್ದ. ಇಲ್ಲಿಯತನಕ ಅವನು ಯಾವುದನ್ನು ನೆನೆಯದೆ ಸುತ್ತುಬಳಸಿ ನಡೆದಿದ್ದನೋ ಅದು ಬಂದು ಹಾಸಿಗೆಯ ಪಕ್ಕ ಕೂತಿತು. ಹೋದ ಜೂನ್. ಬಚ್ಚಲಿನ ನೆಲದ ಮೇಲೆ, ಬಿಳಿ ಟೈಲಿನ ಸಂದಿನಲ್ಲಿ, ಅವನು ತೊಳೆದೂ ಉಳಿದಿದ್ದ ಎರಡು ಹನಿ. ಹೆಂಡತಿ ನೋಡಿದಳು. ನೋಡಿ ತನ್ನದೆಂದುಕೊಂಡಳು. ಅವಳ ತಿಂಗಳ ಮುಟ್ಟು ನಿಂತು ಎರಡು ವರ್ಷವಾಗಿತ್ತು; ನಿಂತ ಮೇಲೆ ಮತ್ತೆ ಕಂಡರೆ ಒಳ್ಳೆಯದಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. ಅಡುಗೆಮನೆಯಲ್ಲಿ ನಿಂತು, "ಏನೋ ಕಂಡಂಗಾಯ್ತು ರೀ, ನಾಳೆ ಡಾಕ್ಟರ ಹತ್ರ ಹೋಗೋಣ," ಎಂದಳು, ಅಷ್ಟು ಸರಳವಾಗಿ. ಅವನಿಗೆ ಆಗಲೇ ಗೊತ್ತಿತ್ತು. ನಂದು ಎಂದು ಎರಡೇ ಅಕ್ಷರ ಹೇಳಿದ್ದರೆ ಸಾಕಿತ್ತು. "ಹೋಗೋಣ," ಎಂದ. ಅವಳ ಜೊತೆ ಹೋಗಿ ಹೆಂಗಸರ ವಿಭಾಗದ ಹೊರಗೆ ಅವಳ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ಒಳಗೆ ಅವಳ ಗರ್ಭಕೋಶವನ್ನು ಕೆರೆದು ಚೂರು ತೆಗೆದರು. ಅವಳು ಗೋಡೆ ಹಿಡಿದು ಹೊರಬಂದಳು, ತುಟಿ ಬಿಳಿಚಿಕೊಂಡಿತ್ತು. "ಅಷ್ಟೇನೂ ನೋವಾಗಲಿಲ್ಲ," ಎಂದು ಅವಳೇ ಅವನಿಗೆ ಸಮಾಧಾನ ಹೇಳಿದಳು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ರಾತ್ರಿ ಮಗ್ಗುಲು ಬದಲಿಸುತ್ತ, ಮಗಳಿಗೆ ಈಗಲೇ ಹೇಳೋದು ಬೇಡ ಎನ್ನುತ್ತಿದ್ದಳು. ಏನೂ ಇಲ್ಲ ಎಂದು ಬಂತು. ಅವಳು ಅತ್ತಳು. ಅವನೂ ಅತ್ತ, ಅವನ ಅಳು ಕಂಡು ಅವಳು, ಇಷ್ಟು ಹೆದರಿದ್ರಾ ನೀವು, ಎಂದು ತಲೆ ಸವರಿದಳು. ಇನ್ನೂ ವಿಚಿತ್ರವೆಂದರೆ, ಅವಳ ವರದಿಯಲ್ಲಿ ಏನೂ ಇಲ್ಲ ಎಂದು ಓದಿದಾಗ ಅವನಿಗೆ ತನ್ನದೇ ವರದಿ ಓದಿದಂತಾಗಿತ್ತು. ಬಚ್ಚಲಲ್ಲಿ ಕಂಡ ಆ ರಕ್ತಕ್ಕೆ ಪರೀಕ್ಷೆಯಾಯಿತು, ಏನೂ ಸಿಗಲಿಲ್ಲ, ಎಂಬಂತೆ. ಆ ನೆಮ್ಮದಿಯಲ್ಲಿ ಮಳೆಗಾಲ ಪೂರ್ತಿ ಕಳೆದಿದ್ದ.

ಹೆಂಡತಿ ಪರದೆ ಸರಿಸಿ ಒಳಗೆ ಬಂದಳು. ಓಡಿ ಬಂದ ಉಸಿರು. ಕೈಯಲ್ಲಿ ನೋವಿನ ಮುಲಾಮಿನ ಟ್ಯೂಬು. "ಮಂಡಿ ನೋವಂತೆ, ಒಳಗೆ ಕರ್ಕೊಂಡು ಹೋದ್ರು ಅಂತ ಅವರು ಹೇಳಿದ್ರು. ಬಾಯಲ್ಲಿ ಹತ್ತಿ ಬೇರೆ, ಅರ್ಧ ತಿಳೀಲಿಲ್ಲ. ಬಿದ್ರಾ? ಎಲ್ಲಿ ಬಿದ್ರಿ? ಮಂಡಿ ನೋವು ಅಂತ ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ, ಬಾಯಲ್ಲಿ ಮುತ್ತು ಉದುರ್ತಿತ್ತಾ?" ಹೊದಿಕೆಯ ಅಂಚೆತ್ತಿ ಮಂಡಿ ನೋಡಿದಳು, ಬಲದ್ದು, ಆಮೇಲೆ ಎಡದ್ದು. ಟ್ಯೂಬಿನ ಮುಚ್ಚಳ ತಿರುಗಿಸುತ್ತಲೇ ಅವಳ ಕಣ್ಣು ನಳಿಗೆಯ ಜೊತೆ ಕೆಳಗಿಳಿದು ಮಂಚದ ಕಂಬಿಗೆ ನೇತುಹಾಕಿದ್ದ ಚೀಲದ ಮೇಲೆ ನಿಂತಿತು. ಮುಚ್ಚಳ ಕೈಯಿಂದ ಜಾರಿ ಎಲ್ಲೋ ಉರುಳಿತು.

ತರುಣ ಡಾಕ್ಟರು ಬಂದದ್ದು ಆಗಲೇ. "ನೀವು ಮನೆಯವರಾ? ಒಂದು ವಾರದಿಂದ ರಕ್ತ ಹೋಗ್ತಿತ್ತಂತೆ. ಒಂದು ವಾರಕ್ಕೆ ಇಷ್ಟಾಗಲ್ಲ. ಅದಕ್ಕೇ ಕೇಳ್ತಾ ಇದೀನಿ, ಸರಿಯಾಗಿ ನೆನಪು ಮಾಡ್ಕೊಳ್ಳಿ."

ಹೆಂಡತಿ ಅವನ ಮುಖ ನೋಡಿದಳು. ಬೈಯುವ ಮುಖವಲ್ಲ, ಕಾಯುವ ಮುಖ.

"ಹೋದ ವರ್ಷ ಜನವರಿಯಿಂದ," ಎಂದ.

ಡಾಕ್ಟರು ಬರೆದುಕೊಂಡು ಹೋದರು. ಹೆಂಡತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವಳು ಲೆಕ್ಕ ಹಾಕುವಾಗ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ ಹೋಗುವುದು ಅವನಿಗೆ ಗೊತ್ತು. ಜನವರಿ, ಫೆಬ್ರವರಿ, ಮಾರ್ಚ್. ಮೊದಲ ಬೆರಳು ಮುಗಿಯಿತು. ಏಪ್ರಿಲ್, ಮೇ. ಹೆಬ್ಬೆರಳು ಎರಡನೆಯ ಬೆರಳಿನ ತುದಿಯ ಗೆಣ್ಣಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಅವಳು ಒಂದು ಮಾತು ಆಡಿದ್ದರೆ, ಟ್ಯೂಬನ್ನು ಮುಖಕ್ಕೆ ಎಸೆದಿದ್ದರೆ, ಅವನು ತಡೆದುಕೊಳ್ಳುತ್ತಿದ್ದ. ಅವಳು ತನ್ನ ಕೆಳಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು, ಅಷ್ಟೇ, ಮಲಗಿದ ಮಗುವಿನ ಮೇಲೆ ಇಡುವ ಹಾಗೆ. ಪರದೆಯ ಸಂದಿಯಾಚೆ ಯಾರೋ ಬಕೆಟ್ಟನ್ನು ಎಳೆದುಕೊಂಡು ಹೋದರು. "ಕೇಳು," ಎಂದ ಅವನು. ಅವಳು ಕೇಳುತ್ತಿರಲಿಲ್ಲವೆಂದಲ್ಲ. ಕ್ಷಮಿಸು ಎನ್ನುವುದಕ್ಕೂ ಒಂದು ಅರ್ಹತೆ ಬೇಕೆನಿಸಿತು.

ಸ್ಕ್ಯಾನಿನ ಕೋಣೆಗೆ ಅವಳನ್ನು ಬಿಡಲಿಲ್ಲ, ಹೊರಗೆ ಕುರ್ಚಿ ತೋರಿಸಿದರು. ಒಳಗೆ ಕತ್ತಲು, ತಂಪು. ಮಧ್ಯವಯಸ್ಸಿನ ಡಾಕ್ಟರಮ್ಮ ಹೊಟ್ಟೆಗೆ ಜೆಲ್ ಹಚ್ಚಿ ಉಪಕರಣ ಒತ್ತಿದರು. ಯಂತ್ರದ ಪರದೆ ಅವನಿಗೆ ಅರ್ಧ ಕಾಣುತ್ತಿತ್ತು. ಮೂತ್ರಕೋಶದ ಕಪ್ಪು ಕೊಳದ ಒಳಗೆ ಒಂದು ಬದಿಯಿಂದ ಬೆಳೆದು ಬಂದ ಬೂದು ಬಣ್ಣದ ಹೂಕೋಸು. ಉಪಕರಣ ಅತ್ತಿತ್ತ ಸರಿದರೂ ಅದು ಸರಿಯಲಿಲ್ಲ. ಇಷ್ಟು ದಿನ ಅವನು ಬಣ್ಣವನ್ನು ಮಾತ್ರ ನೋಡಿದ್ದ. ಆ ಬಣ್ಣಕ್ಕೆ ಒಂದು ದೇಹವಿದೆ, ಅದಕ್ಕೆ ಬೇರಿದೆ, ಅದು ಅವನ ಕತ್ತಲಲ್ಲಿ ಯಾವ ಸಂಕೋಚವೂ ಇಲ್ಲದೆ ಉಂಡು ಬೆಳೆದಿದೆ. ಡಾಕ್ಟರಮ್ಮ ಅದರ ಒಂದು ಅಂಚಿಗೆ ಒಂದು ಗುರುತು, ಇನ್ನೊಂದು ಅಂಚಿಗೆ ಇನ್ನೊಂದು ಗುರುತು ಇಟ್ಟು, ನಡುವೆ ಚುಕ್ಕೆಗಳ ಗೆರೆ ಎಳೆದು, ಹಿಂದೆ ಕೂತು ಟೈಪ್ ಮಾಡುತ್ತಿದ್ದವಳಿಗೆ ಅಳತೆ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಗೋಡೆ ದಾಟಿದ ಹಾಗಿದೆ, ಬರ್ಕೋ. ಎಡಗಡೆ ಕಿಡ್ನಿ ಊದಿದೆ," ಎಂದರು. ತಗ್ಗಿಸಿದ ದನಿ ಅವನಿಗೆ ಇನ್ನೂ ಚೆನ್ನಾಗಿ ಕೇಳಿತು. ಒಳ್ಳೆಯ ಕೆಲಸಗಾತಿ ಎಂದುಕೊಂಡ. ಹಾಗೆಂದುಕೊಳ್ಳುತ್ತಿರುವುದು ಯಾರು ಎಂದೂ ಎನಿಸಿತು.

ಗಾಲಿಕುರ್ಚಿಯನ್ನು ಹೊರಗೆ ತಂದು ಗೋಡೆಯ ಪಕ್ಕ ನಿಲ್ಲಿಸಿ, ಇಲ್ಲೇ ಇರಿ ಎಂದು ಹೇಳಿ ಹೋದರು. ಹೆಂಡತಿ ಎದ್ದು ಬರಲಿಲ್ಲ. ಒಂದು ಕುರ್ಚಿಯಷ್ಟು ದೂರದಲ್ಲಿ ಕೂತೇ ಇದ್ದಳು, ಕಾರಿಡಾರಿನ ಆ ತುದಿಯನ್ನು ನೋಡುತ್ತ. ಏನಂದ್ರು ಎಂದು ಕೇಳಲಿಲ್ಲ. ಕೇಳಿದ್ದರೆ ಏನಿಲ್ಲ ಎಂಬ ಉತ್ತರ ಮೂವತ್ತು ವರ್ಷದ ರೂಢಿಯಿಂದ ತಾನೇ ಹೊರಬೀಳುತ್ತಿತ್ತೇನೋ. ಅವಳು ಕೇಳದೆ ಇದ್ದುದರಿಂದ ಆ ಉತ್ತರಕ್ಕೆ ಜಾಗವಿರಲಿಲ್ಲ. ಅವಳ ಕಿವಿಯ ಹಿಂದೆ ಸರಿದ ಕೂದಲಲ್ಲಿ ನರೆ ಎಷ್ಟು ಹೆಚ್ಚಾಗಿದೆ ಎಂಬುದನ್ನು ಅವನು ಈ ವರ್ಷ ನೋಡಿರಲೇ ಇಲ್ಲ. ಹೊದಿಕೆಯೊಳಗಿನಿಂದ ಕೈ ತೆಗೆದ, ಅವಳ ಕುರ್ಚಿಯ ತೋಳಿಗೆ ಅದು ಎಟುಕಲಿಲ್ಲ. ಕೈಯನ್ನು ಹಾಗೆಯೇ ಬಿಟ್ಟ. ಆಮೇಲೆ, ಯಾವ ಪದವನ್ನೂ ಆರಿಸದೆ, ಸ್ವಲ್ಪ ಎಂದು ಸೇರಿಸದೆ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಗೆಡ್ಡೆ ಐದು ಪಾಯಿಂಟ್ ಎಂಟು ಸೆಂಟಿಮೀಟರ್ ಇದೆ."